ಎಣ್ಣೆ ಎಂದರೆ ಯಾವ ಎಣ್ಣೆ

ನಮ್ಮ ಮನೆಯಲ್ಲಿ ನನಗೊಂದು ಅಡ್ಡಹೆಸರಿದೆ: ‘ತಿರುಗಿ ಹೇಳು’. ಇಟ್ಟವಳು ನನ್ನ ಹೆಂಡತಿ, ಊರಿಗೆಲ್ಲ ಹಂಚಿದವಳು ಅವಳ ತಂಗಿ. ಯಾರಿಗೇ ಆಗಲಿ ಒಂದು ಕೆಲಸ ಹೇಳಿದೆನೆಂದರೆ, ಅವರು ಹೊಸ್ತಿಲು ದಾಟುವ ಮುಂಚೆ ನಿಲ್ಲಿಸಿ, “ನಾ ಏನು ಹೇಳಿದೆ? ತಿರುಗಿ ಹೇಳು ನೋಡೂಣು” ಎನ್ನುವುದು ನನ್ನ ಚಾಳಿ. ಉಪ್ಪು ತರಲು ಹೊರಟವರೂ ನನಗೆ ಉಪ್ಪಿನ ಪಾಠ ಒಪ್ಪಿಸಿಯೇ ಹೋಗಬೇಕು. ಮಾನ್ವಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರಿಗೆ ಇದು ಕಸುಬಿನ ರೋಗ ಎಂದು ನೆಂಟರು ಸುಮ್ಮನಿದ್ದಾರೆ.

ಕಿರಾಣಿ ಅಂಗಡಿಯವರು ಮಾತ್ರ ಸುಮ್ಮನಿರುವುದಿಲ್ಲ. ಕಳೆದ ವಾರ ಬಾಟಲಿ ಮುಂದಿಟ್ಟು, “ಎಣ್ಣಿ ಕೊಡ್ರಿ. ಶೇಂಗಾ ಎಣ್ಣಿ. ಅಡಗಿಗೆ ಹಾಕೂದು, ಉಣ್ಣೂದು” ಎಂದೆ.

“ಮಾಸ್ತರ, ಉಣ್ಣಲಾರದ ಎಣ್ಣಿ ನಮ್ಮ ಅಂಗಡ್ಯಾಗ ಇಟ್ಟಿಲ್ಲ ಬಿಡ್ರಿ” ಎಂದರು ಅಂಗಡಿಯವರು. ಪಕ್ಕದಲ್ಲಿ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಬಾಟಲಿ ತುಂಬಿದ ಮೇಲೆ ಮೂಸಿ ನೋಡಿಯೇ ಮುಚ್ಚಳ ಹಾಕಿದೆ.

ರಾಯಚೂರಿನಲ್ಲಿ ನಾನು ಹುಟ್ಟಿ ಬೆಳೆದ ಓಣಿಯಲ್ಲಿ ಎಣ್ಣೆಗಳು ಇದ್ದದ್ದು ಎರಡೇ. ಒಂದು ಒಗ್ಗರಣೆಗೆ, ಇನ್ನೊಂದು ಚಿಮಣಿ ದೀಪಕ್ಕೆ. ಅವ್ವ ಹತ್ತಿ ಜಿನ್ನಿಗೆ ಕೂಲಿಗೆ ಹೋಗುವಳು, ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ಸಂಜೆ ಅವ್ವ, ಕುತ್ತಿಗೆಗೆ ಹುರಿ ಕಟ್ಟಿದ ಬಾಟಲಿಯನ್ನು ನನ್ನ ಕೈಗೆ ಕೊಟ್ಟು “ಎಣ್ಣಿ ತೊಗೊಂಬಾ” ಎಂದರೆ, ಯಾವುದು ಎಂಬುದನ್ನು ಬಾಟಲಿಯ ವಾಸನೆಯೇ ಹೇಳುತ್ತಿತ್ತು. ಮಾತು ಬೇಕಾಗಿರಲಿಲ್ಲ. ನಮ್ಮ ಓಣಿಯಲ್ಲಿ ಹೊಲವಿದ್ದವರು ಒಬ್ಬರೂ ಇರಲಿಲ್ಲ. ಹೊಲದವರ ಎಣ್ಣೆಯೊಂದು ಇದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಎಣ್ಣೆಯ ಈ ಕಥೆಯಲ್ಲಿ ಮೀನೂ ಬರುತ್ತವೆ. ನನ್ನ ಮೊದಲ ಮೀನನ್ನು ಕೊಂದದ್ದು ಏಳನೆಯ ವಯಸ್ಸಿನಲ್ಲಿ. ಮಾವಿನ ಕೆರೆಯ ಅಂಚಿನಲ್ಲಿ ಗೆಳೆಯನೊಬ್ಬನೂ ನಾನೂ ಅಪ್ಪನ ವಸ್ತ್ರವನ್ನು ಎರಡೂ ಕಡೆ ಹಿಡಿದು ಎಳೆದಾಗ ಬೆರಳುದ್ದದ ನಾಲ್ಕು ಮೀನು ಸಿಕ್ಕವು. ಹಾಲಿನ ಪುಡಿಯ ಡಬ್ಬಿಯಲ್ಲಿ ನೀರು ತುಂಬಿ ಅವನ್ನು ಬಿಟ್ಟು, ಬೆಕ್ಕಿಗೆ ಸಿಗಬಾರದೆಂದು ಮುಚ್ಚಳ ಬಿಗಿಯಾಗಿ ಒತ್ತಿದೆ. ಬೆಳಗ್ಗೆ ನಾಲ್ಕೂ ಹೊಟ್ಟೆ ಮೇಲೆ ಮಾಡಿದ್ದವು. ಬೆಕ್ಕಿನಿಂದ ಉಳಿಸಿದವನು ನಾನೇ, ಕೊಂದವನೂ ನಾನೇ. ಯಾಕೆ ಸತ್ತವು ಎಂಬುದು ತಿಳಿಯಲು ಬಿ.ಎಸ್ಸಿ. ಎರಡನೆಯ ವರ್ಷದವರೆಗೆ ಕಾಯಬೇಕಾಯಿತು. ನೀರಿನಲ್ಲಿ ಕರಗಿದ ಆಮ್ಲಜನಕ ಎಂಬ ಪಾಠ ಕೇಳುತ್ತ, ತರಗತಿಯ ನಡುವೆಯೇ “ಅಯ್ಯೋ, ಮುಚ್ಚಳ!” ಎಂದು ಗಟ್ಟಿಯಾಗಿ ಅಂದುಬಿಟ್ಟಿದ್ದೆ.

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲಿಗ. ಮೇಷ್ಟ್ರಾಗುವ ಮುಂಚೆ, ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಮೀನುಗಾರಿಕೆಗೆ ಸಂಬಂಧಿಸಿದ ಒಂದು ಕಚೇರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಮಾನ್ವಿಯಲ್ಲಿ ಬಾಡಿಗೆ ಕೋಣೆ, ಒಂದು ಸೈಕಲ್ಲು, ಒಂದು ಕಟ್ಟಿಗೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಉಷ್ಣಮಾಪಕ, ಬಣ್ಣ ಬದಲಿಸುವ ಕಾಗದ, ಗಾಜಿನ ಬಿರಡೆಯ ಬಾಟಲಿಗಳು, ಹಗ್ಗಕ್ಕೆ ಕಟ್ಟಿದ ಕಪ್ಪು-ಬಿಳಿ ತಟ್ಟೆ. ತಟ್ಟೆಯನ್ನು ನೀರಿಗೆ ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದರೆ ನೀರಿನ ತಿಳಿ ಎಷ್ಟೆಂದು ಗೊತ್ತಾಗುತ್ತದೆ. ತಿಂಗಳಿಗೆ ಎರಡು ಸಲ ನನಗೆ ವಹಿಸಿದ್ದ ಕೆರೆಗೆ ಹೋಗಿ ನೀರನ್ನು ಪರೀಕ್ಷಿಸಬೇಕು, ಬಲೆ ಹಾಕಿಸಿ ಯಾವ ಮೀನು ಎಷ್ಟಿವೆಯೆಂದು ಬರೆದುಕೊಳ್ಳಬೇಕು.

ಆ ಕೆರೆ ಮಾನ್ವಿಯಿಂದ ಪೋತ್ನಾಳದ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಉತ್ತರಕ್ಕಿತ್ತು. ಹಳ್ಳಿಯ ಹೆಸರು ಬೇಡ. ಊರವರು ಅದನ್ನು ಸಣ್ಣಕೆರಿ ಎನ್ನುತ್ತಿದ್ದರು. ದೊಡ್ಡ ಕೆರೆ ಎಲ್ಲಿದೆ ಎಂದು ಮೊದಲ ದಿನ ಕೇಳಿದಾಗ, “ಎಲ್ಲೀದ್ರಿ? ಇದೊಂದ ಅದ” ಎಂದರು. ಕುಡಿಯುವ ನೀರಿಗೆ ಬೇರೆ ಬಾವಿಯಿತ್ತು. ಕೆರೆ ಇದ್ದದ್ದು ದನಕ್ಕೆ, ಬಟ್ಟೆಗೆ, ಮೀನಿಗೆ.

ಕೆರೆಯನ್ನು ಕಾಯುತ್ತಿದ್ದವನು ನಿಂಗಪ್ಪ. ಐವತ್ತೈದು ದಾಟಿದ್ದ ಬೆಸ್ತ. ಬಲೆ ಹೆಣೆಯುವುದು, ಹಾಕುವುದು, ಎಳೆಯುವುದು ಎಲ್ಲ ಅವನದೇ. ಹಿಡಿದದ್ದನ್ನು ಬುಟ್ಟಿಯಲ್ಲಿ ಹೊತ್ತು ಪೋತ್ನಾಳಕ್ಕೆ ಹೋಗಿ ಮಾರುವವಳು ಅವನ ಹೆಂಡತಿ ಹುಲಿಗೆವ್ವ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಆಕೆಯನ್ನು ಯವ್ವಾ ಎನ್ನುತ್ತಿದ್ದೆ. ಮಗನ ವಯಸ್ಸಿನ ನನ್ನನ್ನು ಅವರಿಬ್ಬರೂ ಸಾಹೇಬ್ರ ಎನ್ನುವರು. ಬೇಡವೆಂದು ಒಮ್ಮೆ ಹೇಳಿದೆ. “ಪ್ಯಾಂಟು ಹಾಕ್ಕೊಂಡಿರಲ್ರಿ” ಎಂದಳು ಹುಲಿಗೆವ್ವ.

ನಾನು ಉಷ್ಣಮಾಪಕವನ್ನು ನೀರಿಗೆ ಇಳಿಸಿದ ಮೊದಲ ದಿನ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು.

“ಏನ್ ನಡಸ್ಯಾರ ಬೇ ಇವ್ರು?”

“ಕೆರಿಗೆ ಜ್ವರ ಬಂದಾವಂತ. ನೋಡಾಕತ್ತಾರ.”

“ಸೂಜಿ ಎಲ್ಲಿಗೆ ಮಾಡ್ತಾರಂತ ಕೇಳು!”

ನಿಂಗಪ್ಪನಿಗೆ ಉಷ್ಣಮಾಪಕ ಬೇಕಾಗಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಎತ್ತಿ ಮೂಸಿ, “ಇವತ್ತು ನೀರು ದಪ್ಪ ಆಗ್ಯಾದ್ರಿ. ನಾಳಿ ಮುಂಜಾನೆ ಮೀನು ಮ್ಯಾಲೆ ಬಂದು ಗಾಳಿ ಕುಡೀತಾವ” ಎನ್ನುತ್ತಿದ್ದ. ನಾನು ಬಾಟಲಿಯಲ್ಲಿ ಹನಿ ಹನಿಯಾಗಿ ದ್ರಾವಣ ಬಿಟ್ಟು, ಲೆಕ್ಕ ಹಾಕಿ, ಆಮ್ಲಜನಕ ಕಡಿಮೆಯಿದೆ ಎಂದು ಬರೆಯುವಷ್ಟರಲ್ಲಿ ಅವನು ಬೀಡಿ ಸೇದಿ ಮುಗಿಸಿರುತ್ತಿದ್ದ. ಇಬ್ಬರ ಉತ್ತರವೂ ಸಾಮಾನ್ಯವಾಗಿ ಒಂದೇ ಆಗಿರುತ್ತಿತ್ತು. ಕಚೇರಿಗೆ ಹೋಗುತ್ತಿದ್ದದ್ದು ಮಾತ್ರ ನನ್ನದು.

ಅವನೇ ಮೊದಲು ಹೇಳಿದ್ದು, ಮೀನು ಕಡಿಮೆಯಾಗುತ್ತಿವೆ ಎಂದು. ಕೆರೆಯ ಮೇಲಿನ ಹೊಲಗಳಿಗೆ ಕಾಲುವೆ ನೀರು ಬಂದ ಮೇಲೆ ಭತ್ತ, ಹತ್ತಿ ಬೆಳೆಯತೊಡಗಿದ್ದರು. ಗದ್ದೆಯ ನೀರು ಬಸಿದು ಕೆರೆಗೇ ಬರುತ್ತಿತ್ತು. ಬೆರಳುದ್ದದ ಬಿಳಿ ಮೀನುಗಳು ಮೊದಲು ಮಾಯವಾದವಂತೆ. ಆಮೇಲೆ ಕೆಸರಿನಲ್ಲಿರುವ ಮೀಸೆ ಮೀನು. ಎಂಥ ನೀರಿನಲ್ಲೂ ಬದುಕುವ, ಹಾವಿನ ತಲೆಯ ಕೊರಮೀನು ಮಾತ್ರ ಉಳಿದಿತ್ತು. ನನ್ನ ಬಲೆಯ ಎಣಿಕೆಯೂ ಅದನ್ನೇ ಹೇಳಿತು. ಆಗ ಕಚೇರಿಯಲ್ಲಿ, ಕೆರೆಯ ಪಕ್ಕದಲ್ಲೊಂದು ಮರಿ ಹೊಂಡ ತೋಡಿ, ಅಣೆಕಟ್ಟಿನ ಕಡೆಯಿಂದ ಕಟ್ಲಾ, ರೋಹು ಮೀನಿನ ಮರಿ ತರಿಸಿ, ಅಲ್ಲಿ ಬೆಳೆಸಿ ಕೆರೆಗೆ ಬಿಡುವುದೆಂದು ತೀರ್ಮಾನವಾಯಿತು.

ಹೊಂಡದಲ್ಲಿ ನೀರು ನಿಂತ ವಾರದೊಳಗೆ ಹುಳಗಳು ಬಂದವು. ಅಂಗಾತ ಈಜುವ, ಕಡಲೆಬೀಜದ ಗಾತ್ರದ ಹುಳಗಳು. ಮೀನಿನ ಮರಿಗಳನ್ನು ಇವು ಹೀರಿ ಮುಗಿಸಿಬಿಡುತ್ತವೆ. ಇದಕ್ಕೆ ನಮ್ಮ ಪುಸ್ತಕದಲ್ಲಿ ಒಳ್ಳೆಯ ಉಪಾಯವಿತ್ತು: ಸಾಬೂನು ಕರಗಿಸಿ, ಅದಕ್ಕೆ ಅಡುಗೆ ಎಣ್ಣೆ ಕಲಸಿ ನೀರಿನ ಮೇಲೆ ಹರಡಿದರೆ ತೆಳ್ಳಗಿನ ಪೊರೆಯಾಗುತ್ತದೆ, ಉಸಿರಿಗೆ ಮೇಲೆ ಬರುವ ಹುಳಗಳು ಉಸಿರು ಸಿಗದೆ ಸಾಯುತ್ತವೆ. ಬೇರೆ ಯಾರಿಗೂ ಹಾನಿಯಿಲ್ಲ. ಇದನ್ನು ಬೇವಿನ ಮರದ ಕೆಳಗೆ ಕೂತು ನಿಂಗಪ್ಪನಿಗೆ ವಿವರಿಸಿದ್ದೆ. ‘ಜಲದ ಮೇಲ್ಮೈ’, ‘ತೈಲ ಮಿಶ್ರಣ’, ‘ಶ್ವಾಸಾಂಗ’ ಎಲ್ಲ ಬಂದವು. ಅವನು ಪ್ರತಿಯೊಂದಕ್ಕೂ “ಹೌದ್ರಿ” ಎಂದ. ಪಾಠ ಚೆನ್ನಾಗಿ ಆಯಿತೆಂದು ನಾನು ತಿಳಿದೆ.

ಶುಕ್ರವಾರ ಮರಿಗಳು ಬರುವುದಿತ್ತು. ದೇವದುರ್ಗದಲ್ಲಿ ನನ್ನ ಅಕ್ಕನ ಮಗಳಿಗೆ ಬುಧವಾರ ತೊಟ್ಟಿಲು. ಮಂಗಳವಾರ ಮಧ್ಯಾಹ್ನ ಕೆರೆಗೆ ಹೋಗಿ, ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ಮಾತಾಡಿದೆ. ಆ ಒಂದು ಕಾಲು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಎರಡೂ ಕಾಲು ಊರಿದ್ದರೆ ಇನ್ನೆರಡು ಮಾತು ಆಡುತ್ತಿದ್ದೆನೇನೋ.

“ಕಾಕಾ, ನಾ ದೇವದುರ್ಗಕ್ಕ ಹೊಂಟೀನಿ. ನಾಳಿ ಹೊಂಡಕ್ಕ ಎಣ್ಣಿ ಹಾಕಿಬಿಡು. ಹುಳ ಒಂದೂ ಉಳೀಬಾರ್ದು.”

“ಎಷ್ಟು ಹಾಕಲ್ರಿ?”

“ಒಂದು ಡಬ್ಬಿ ಸಾಕು. ಸಾಬೂನು ಈ ಚೀಲದಾಗ ಅದ.”

“ಇಷ್ಟ್ಯಾಕ್ರಿ ಸಾಬೂನು?”

“ಬೇಕಾಗ್ತದ. ಹಿಂದ ಮುಂದ ನೋಡಬ್ಯಾಡ, ಬಳಸು.”

“ಎಣ್ಣಿ ಎಲ್ಲಿಂದ ತರಲ್ರಿ?”

“ಗೌಡ್ರ ಮನ್ಯಾಗ ಕೇಳು. ಕಚೇರಿಯವರು ತಿರುಗಿ ಕೊಡ್ತಾರ ಅನ್ನು.”

“ಹ್ಞಾಂ, ಹುಳದ ಎಣ್ಣಿ ಅವರ ಮನ್ಯಾಗ ಇರ್ತದ್ರಿ” ಎಂದ ನಿಂಗಪ್ಪ.

ಹುಳದ ಎಣ್ಣೆ. ಹುಳಕ್ಕೆ ಹಾಕಬೇಕಾದ ಎಣ್ಣೆ ಎನ್ನುತ್ತಿದ್ದಾನೆ ಎಂದುಕೊಂಡು, “ಹ್ಞೂಂ, ಅದ” ಎಂದು ಸೈಕಲ್ ತುಳಿದೆ.

ಬುಧವಾರ ದೇವದುರ್ಗದಲ್ಲಿ ಎಲೆಯ ಮುಂದೆ ಕೂತು, ಹೋಳಿಗೆಗೆ ತುಪ್ಪ ಸಾಕು ಸಾಕೆಂದು ಅಂಗೈ ಅಡ್ಡ ಹಿಡಿಯುತ್ತಿದ್ದೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ನಿಂಗಪ್ಪ ಡಬ್ಬಿಯ ಮುಚ್ಚಳ ತೆಗೆದಿರಬೇಕು. ಈ ಎರಡು ಚಿತ್ರಗಳು ನನ್ನ ತಲೆಯಲ್ಲಿ ಈಗ ಅಂಟಿಕೊಂಡುಬಿಟ್ಟಿವೆ.

ಗುರುವಾರ ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದು, ಸೈಕಲ್ ಹತ್ತಿ ಕೆರೆಗೆ ಹೋದೆ. ಏರಿಯ ಈಚೆಗೇ ಘಾಟು ಮೂಗಿಗೆ ಬಡಿಯಿತು. ಏರಿ ಹತ್ತಿ ನೋಡಿದರೆ ಅರ್ಧ ಊರು ನೀರಿನಲ್ಲಿತ್ತು. ಸೆರಗಿನಲ್ಲಿ, ಕೊಡದಲ್ಲಿ, ತಲೆಯ ವಸ್ತ್ರದಲ್ಲಿ ಮೀನು ತುಂಬುತ್ತಿದ್ದರು. ತೋಳುದ್ದದ ಕೊರಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇನ್ನೂ ಜೀವವಿದ್ದವು ಗಿರಕಿ ಹೊಡೆಯುತ್ತ ದಂಡೆಗೆ ತಲೆ ಬಡಿಯುತ್ತಿದ್ದವು. ಎಣಿಕೆಯಲ್ಲಿ ನನಗೆ ಎಂದೂ ಸಿಗದಷ್ಟು ಮೀನು ಆ ಕೆರೆಯಲ್ಲಿದ್ದವೆಂದು ಅಂದೇ ತಿಳಿಯಿತು.

“ಬರ್ರಿ ಸಾಹೇಬ್ರ!” ಎಂದು ಯಾರೋ ಕೂಗಿದರು. “ನಿಮ್ಮ ಎಣ್ಣಿ ಭಾರೀ ಕೆಲಸ ಮಾಡ್ಯಾದ!”

ನಿಂಗಪ್ಪ ಹೊಂಡದ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹೊಂಡಕ್ಕೂ ಕೆರೆಗೂ ನಡುವಿನ ಒಡ್ಡಿನಲ್ಲಿ ಏಡಿ ಕೊರೆದ ಬಿಲಗಳಿದ್ದವು. ನೀರು ಅವುಗಳಲ್ಲಿ ಹಾಯ್ದು ಕೆರೆಗೆ ಸೋರುತ್ತಿತ್ತು.

“ಕಾಕಾ, ಯಾವ ಎಣ್ಣಿ ಹಾಕಿದಿ?”

“ಎಣ್ಣಿರಿ. ಹತ್ತಿಗೆ ಹೊಡಿತಾರಲ್ಲ, ಅದ.”

“ನಾ ಹೇಳಿದ್ದು ಅಡಗಿ ಎಣ್ಣಿ!”

“ಅದು ಒಳ್ಳೆಣ್ಣಿ ಅಲ್ಲೇನ್ರಿ? ನೀವು ಎಣ್ಣಿ ಅಂದ್ರಿ. ಒಳ್ಳೆಣ್ಣಿ ಯಾರರ ಹುಳಕ್ಕ ಹಾಕ್ತಾರೇನ್ರಿ?”

ಆ ಸೀಮೆಯಲ್ಲಿ ಉಣ್ಣುವುದು ಒಳ್ಳೆಣ್ಣೆ. ಬರೀ ಎಣ್ಣೆ ಎಂದರೆ, ಅದರಲ್ಲೂ ಹುಳದ ಮಾತು ಜೊತೆಗಿದ್ದರೆ, ಬೆಳೆಗೆ ಹೊಡೆಯುವ ವಿಷ. ಒಂದೂವರೆ ವರ್ಷ ಓಡಾಡಿದ್ದೆ, ನೀರಿನ ಬಣ್ಣ ತಿಳಿ ಎಲ್ಲ ಬರೆದುಕೊಂಡಿದ್ದೆ. ಇದನ್ನು ಬರೆದುಕೊಂಡಿರಲಿಲ್ಲ.

“ಸಾಬೂನು ಏನ್ ಮಾಡಿದಿ?”

“ಕೈ ತೊಳಕೊಂಡೆರಿ. ಎಣ್ಣಿ ಮುಟ್ಟಿದ ಮ್ಯಾಲ ಸಾಬೂನು ಹಚ್ಚಿ ತೊಳೀಬೇಕು ಅಂತ ನಿಮ್ಮಂಥವರ ಹೇಳಿದ್ದು. ಮೊಣಕೈ ತನಕ ಮೂರು ಸಲ ತೊಳಕೊಂಡೆ. ಮೀನು ಬಿಡೂ ಹೊಂಡಕ್ಕ ಎಣ್ಣಿ ಯಾಕ ಅಂತ ಮನಸಿನ್ಯಾಗ ಬಂತ್ರಿ. ಓದಿದವರು ಹೇಳ್ಯಾರ, ಏನರ ಇರಬೇಕು ಅಂದೆ.”

ನಾನು ಏರಿಯ ಮೇಲೆ ಓಡುತ್ತ, “ವಿಷ! ವಿಷ! ತಿನ್ನಬ್ಯಾಡ್ರಿ!” ಎಂದು ಕೂಗಿದೆ. ಒಬ್ಬಾಕೆ ಸೆರಗಿನ ಗಂಟು ಬಿಗಿಯುತ್ತ, “ಕರುಳು ತಗದು ತೊಳದ್ರ ಏನೂ ಆಗಂಗಿಲ್ರಿ. ಗದ್ದ್ಯಾನ ಮೀನು ಹಂಗ ತಿಂತೀವಿ” ಎಂದಳು. ಗಾಬರಿಯಲ್ಲಿ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ: ಪೆಟ್ಟಿಗೆ ತೆಗೆದು, ನೀರು ಪರೀಕ್ಷಿಸಿ, ಅವರಿಗೆ ಸಾಬೀತು ಮಾಡಲು ಹೊರಟೆ. ನೀರು ತಿಳಿಯಾಗಿತ್ತು. ಕಾಗದದ ಬಣ್ಣ ಸರಿಯಾಗಿತ್ತು. ಆಮ್ಲಜನಕ ಎಂದಿಗಿಂತ ಹೆಚ್ಚೇ ಇತ್ತು. ನನ್ನ ಪೆಟ್ಟಿಗೆಯ ಪ್ರಕಾರ ಆ ಕೆರೆ ಅಂದು ಆರೋಗ್ಯವಾಗಿತ್ತು.

ಕೆಲಸ ಮಾಡಿದವನು ನಿಂಗಪ್ಪ. ಎದ್ದು ನೀರಿಗಿಳಿದವನೇ, ತನ್ನ ಸ್ವಂತ ತಮ್ಮನ ಕೈಯ ಕೊಡ ಕಿತ್ತು ಬೋರಲು ಹಾಕಿದ.

“ಚೆಲ್ರಲೇ! ಎಲ್ಲಾರೂ ಚೆಲ್ರಿ!”

“ನಿಮ್ಮಪ್ಪನ ಕೆರಿ ಏನಲೇ?” ಎಂದ ತಮ್ಮ.

“ನಮ್ಮಪ್ಪ ನಿಮ್ಮಪ್ಪ ಬ್ಯಾರೆ ಏನಲೇ? ಚೆಲ್ಲು!”

ಜನ ನಕ್ಕರು, ಬೈದರು, ಆಮೇಲೆ ಅವನ ಮುಖ ನೋಡಿ ಒಬ್ಬೊಬ್ಬರಾಗಿ ಚೆಲ್ಲಿದರು. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ನೀವು ಪೋತ್ನಾಳಕ್ಕ ಹೋಗ್ರಿ. ಹುಲಿಗಿ ನಸುಕಿನ್ಯಾಗ ಬುಟ್ಟಿ ತುಂಬಕೊಂಡು ಹೋಗ್ಯಾಳ.”

ಆ ದಾರಿಯಲ್ಲಿ ಹೇಗೆ ಸೈಕಲ್ ತುಳಿದೆನೋ ನೆನಪಿಲ್ಲ. ಒಂದೊಂದು ಮೈಲಿಗೂ ಒಂದೊಂದು ಮನೆಯಲ್ಲಿ ಸಾರು ಕುದಿಯುವುದು ಕಾಣುತ್ತಿತ್ತು. ಪೋತ್ನಾಳದ ರಸ್ತೆ ಬದಿಯಲ್ಲಿ, ತನ್ನ ಎಂದಿನ ಜಾಗದಲ್ಲಿ ಹುಲಿಗೆವ್ವ ಕೂತಿದ್ದಳು. ಬುಟ್ಟಿಯ ಮೇಲೆ ಗೋಣಿತಾಟು ಮುಚ್ಚಿದ್ದಳು.

“ಯವ್ವಾ, ಎಷ್ಟು ಮಾರಿದಿ?”

“ಮಾರಿಲ್ರಿ. ಎಲ್ಲಾ ಹಂಗ ಅದಾವ.” ಆಕೆ ತಾಟು ಸರಿಸಿ ತೋರಿಸಿದಳು. “ನೋಡ್ರಿ, ನೊಣ ಬಂದು ಕುಂತ್ವು. ಕುಂತಾವು ಏಳಲಿಲ್ಲ. ನಾ ಸಣ್ಣಾಕಿದ್ದಾಗಿಂದ ಮೀನು ಮಾರಾಕತ್ತೀನಿ, ಎಬ್ಬಿಸಿದ್ರೂ ಏಳಲಾರದ ನೊಣ ಇವತ್ತ ಕಂಡಿದ್ದು. ಅದಕ್ಕ ಮುಚ್ಚಿಟ್ಟು ಕುಂತೀನಿ.”

ಬುಟ್ಟಿಯ ಅಂಚಿನ ತುಂಬ ಸತ್ತ ನೊಣಗಳು ಎಳ್ಳಿನಂತೆ ಬಿದ್ದಿದ್ದವು.

“ಒಂದೂ ಮಾರಿಲ್ಲ ಹೌದಲ್ಲ?”

ಆಕೆ ಗೋಣಿತಾಟನ್ನು ಮತ್ತೆ ಬುಟ್ಟಿಯ ಮೇಲೆ ಎಳೆದಳು. ಆಮೇಲೆ, “ಬೋಣಿ ಆಗ್ಯಾದ್ರಿ” ಎಂದಳು.

ದಿನದ ಮೊದಲ ಗಿರಾಕಿ. ಬುಟ್ಟಿ ಇಳಿಸುತ್ತಿದ್ದಂತೆಯೇ, ನೊಣಗಳು ಬರುವ ಮುಂಚೆಯೇ, ಯಾರೋ ಹೆಂಗಸು ಬಂದು ಎರಡು ದೊಡ್ಡ ಮೀನು ಕೊಂಡು, ರಾಯಚೂರು ಬಸ್ಸು ಹತ್ತಿದ್ದಳು. ಬೋಣಿಯನ್ನು ಹುಲಿಗೆವ್ವ ಎಂದೂ ಬೇಡ ಎನ್ನುವವಳಲ್ಲ. ಅವಳೇ ಆರಿಸಿ, ಎಲ್ಲಕ್ಕಿಂತ ಚೆನ್ನಾಗಿದ್ದವನ್ನು ಕೊಟ್ಟಿದ್ದಳು.

ಮುಂದಿನ ಬಸ್ಸು ಹತ್ತಿದೆ. ಮಾನ್ವಿಯಲ್ಲಿ ಇಳಿದು ಕೇಳಿದೆ, ಕಲ್ಲೂರಿನಲ್ಲಿ ಕಿಟಕಿಯಿಂದ ತಲೆ ಹಾಕಿ ಕೇಳಿದೆ. ಆ ಬಸ್ಸಿನ ಕಂಡಕ್ಟರು ರಾಯಚೂರು ನಿಲ್ದಾಣದಲ್ಲಿ ಸಿಕ್ಕ. “ನಮ್ಮ ಬಸ್ಸಿನ್ಯಾಗ ಕೋಳಿ, ಮೀನು, ಕುರಿಮರಿ ಎಲ್ಲಾ ಬರ್ತಾವ್ರಿ. ಯಾರ್ಯಾರ ನೆನಪಿಡ್ಲಿ?” ಎಂದ. ಆದರೂ ನಾನು ನಿಲ್ದಾಣದಲ್ಲಿ ಹೆಂಗಸರ ಚೀಲಗಳ ಹತ್ತಿರ ಹೋಗಿ ಮೂಸಿದೆ. ಒಬ್ಬ ಮುದುಕಿ ಚೀಲ ಎದೆಗವುಚಿಕೊಂಡು, “ಯಾವ ಬೇಕೂಫ ಅದಾನ ಇಂವ? ಮೂಸಿಗೋತ ತಿರಗಾಕತ್ತಾನ!” ಎಂದು ಕೂಗಿದಳು. ಜನ ಸೇರಿದರು. ಕಾರಣ ಹೇಳಿದೆ. ಯಾರೂ ನಂಬಲಿಲ್ಲ. ಮೈಯಿಂದ ಬರುತ್ತಿದ್ದ ವಾಸನೆಗೆ, ನಾನೇ ಏನನ್ನೋ ಕುಡಿದಿದ್ದೇನೆಂದು ಒಬ್ಬರು ದೊಡ್ಡಾಸ್ಪತ್ರೆಯ ದಾರಿ ತೋರಿಸಿದರು. ಅಲ್ಲಿಗೂ ಹೋದೆ. ಅಂದು, ಮರುದಿನ, ಅದರ ಮರುದಿನ. ಮೀನು ತಿಂದು ಬಂದವರು ಯಾರೂ ಇರಲಿಲ್ಲ. ಆದರೆ ಎಲ್ಲರೂ ಆಸ್ಪತ್ರೆಯವರೆಗೆ ಬರುವುದಿಲ್ಲ ಎಂಬುದು ಆ ಓಣಿಯಲ್ಲಿ ಹುಟ್ಟಿದ ನನಗೆ ಗೊತ್ತಿತ್ತು.

ಹಳ್ಳಿಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಮೀನುಗಳನ್ನು ಗುಂಡಿ ತೋಡಿ ಹೂಳಿದರು. ಶುಕ್ರವಾರ ಬರಬೇಕಿದ್ದ ಮರಿಗಳನ್ನು ಕಚೇರಿಯವರು ತಡೆಹಿಡಿದರು. ನಿಂಗಪ್ಪ ವಾರಗಟ್ಟಲೆ ಕೋಲು ಹಿಡಿದು ದನಗಳನ್ನು ತಿರುಗಿಸಿ ಅಟ್ಟಿದ. ವರದಿಯಲ್ಲಿ ‘ಕಾರಣ’ ಎಂಬಲ್ಲಿ ‘ನಾನು ಕೊಟ್ಟ ತಪ್ಪು ಸೂಚನೆ’ ಎಂದು ಬರೆದೆ. ಮೇಲಿನವರು ಅದನ್ನು ಹೊಡೆದು ‘ನೀರಿನ ದೋಷ’ ಎಂದು ತಿದ್ದಿದರು. ನೀರು ಪಾಪ, ಏನೂ ಹೇಳಲಿಲ್ಲ.

ಮಳೆಗಾಲ ಬಂತು. ಕೆರೆ ತುಂಬಿ ಕೋಡಿ ಬಿದ್ದಿತು. ನಾನು ಪೆಟ್ಟಿಗೆ ಹೊತ್ತು ಹೋಗುತ್ತಲೇ ಇದ್ದೆ. ಬಲೆ ಖಾಲಿ ಬರುತ್ತಿತ್ತು. ಹುಲಿಗೆವ್ವ ಬೇರೆ ಕೆರೆಯವರ ಹತ್ತಿರ ಮೀನು ಎತ್ತಿ ಮಾರುತ್ತಿದ್ದಳು. ಹೋದಾಗಲೆಲ್ಲ ರೊಟ್ಟಿಗೆ ಕರೆಯುವಳು. ನಾನು ಒಲ್ಲೆ ಎನ್ನುವೆ. ಅವರ ಕೆರೆ ಬರಿದು ಮಾಡಿ ಅವರ ಮನೆಯಲ್ಲಿ ಹೇಗೆ ಉಣ್ಣುವುದು? ಉಣ್ಣುವ ಬದಲು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಬೋಣಿ ಮಾಡಿದಾಕಿ ಮತ್ತ ಬಂದಿದ್ಲೇನು?” ಪ್ರತಿ ಸಲವೂ “ಇಲ್ರಿ” ಎನ್ನುವಳು. ನಾನು ಆಗ ಬಹಳ ಸೊರಗಿದ್ದೆನಂತೆ. ದೇವದುರ್ಗದ ಅಕ್ಕ ದೃಷ್ಟಿ ತೆಗೆದಿದ್ದಳು.

ದಸರೆಯ ಹೊತ್ತಿಗೆ ಒಂದು ದಿನ ಬಲೆಯಲ್ಲಿ ಬೆರಳುದ್ದದ ಎರಡು ಬಿಳಿ ಮೀನು ಸಿಕ್ಕವು. ಹಳ್ಳದ ನೀರಿನ ಜೊತೆ ಬಂದಿರಬೇಕು. ಬರೆದುಕೊಂಡು ವಾಪಸು ಬಿಟ್ಟೆವು. ನಿಂಗಪ್ಪನ ಮನೆಯ ಕಟ್ಟೆಯ ಮೇಲೆ ನೀರು ಕುಡಿಯಲು ಕೂತೆ. ಅವನು ಹರಿದ ಬಲೆ ಹೆಣೆಯುತ್ತಿದ್ದ. ನಾನು ಬಾಯಿ ತೆರೆಯುವ ಮುಂಚೆಯೇ ಹುಲಿಗೆವ್ವ ಒಳಗಿಂದ ಮಾತಾಡಿದಳು.

“ಆಕಿ ಬಂದಿದ್ಲು. ಮೊನ್ನಿ.”

“ಯಾರು?”

“ಅದ, ಬೋಣಿ ಮಾಡಿದ್ಲಲ್ಲ, ಆಕಿ. ಎರಡು ಮೀನು ಒಯ್ದಾಕಿ.”

ಕುಡಿಯುತ್ತಿದ್ದ ಚೊಂಬನ್ನು ಕೆಳಗಿಟ್ಟೆ. “ಹ್ಯಾಂಗದಾಳ?”

“ಗುಂಡಗಲ್ಲಿನಂಗ ಅದಾಳ. ಅವತ್ತಿನ ಮೀನು ಬಸ್ಸಿನ್ಯಾಗ ಮರತು ಇಳದ್ಲಂತ. ನನ್ನ ಕೂಡ ಜಗಳಾಡಿದ್ಲು, ಎರಡು ಮೀನು ಪುಕ್ಕಟೆ ಕೊಡು ಅಂತ.”

ಹೆಣೆಯುತ್ತಿದ್ದ ನಿಂಗಪ್ಪನ ಕೈ ನಿಂತಿತು. ತಲೆ ಮಾತ್ರ ಅವನು ಎತ್ತಲಿಲ್ಲ.

“ಯಾವ ಊರಾಕಿ ಅಂತ?” ಎಂದೆ.

ಹುಲಿಗೆವ್ವ ತಾಟು ತಂದು ನನ್ನ ಮುಂದಿಟ್ಟಳು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಒಂದಿಷ್ಟು ಒಳ್ಳೆಣ್ಣೆ.

“ಊರು ಕೇರಿ ಯಾಕ ನಿನಗ? ಆಕಿ ಚಲೋ ಅದಾಳ ಅಂದೆ ಇಲ್ಲ? ಉಣ್ಣು ಯಪ್ಪಾ.”

ಅಲ್ಲಿಯವರೆಗೆ ಆಕೆ ನನ್ನನ್ನು ಸಾಹೇಬ್ರ ಎಂದೇ ಕರೆದಿದ್ದಳು. ನಾನು ಇನ್ನೊಂದು ಮಾತು ಕೇಳಲಿಲ್ಲ. ಆಮೇಲಿನ ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಅವರ ಮನೆಗೆ ಹೋಗಿದ್ದೇನೆ. ಬೋಣಿ ಮಾಡಿದಾಕೆ ನಿಜಕ್ಕೂ ಬಂದಿದ್ದಳೇ ಎಂದು ಆಗಲೂ ಕೇಳಿಲ್ಲ. ಅಂದು ರೊಟ್ಟಿ ಮುರಿದು ಬಾಯಿಗಿಟ್ಟೆ. ನಿಂಗಪ್ಪನ ಕೈ ಮತ್ತೆ ಬಲೆಯ ಮೇಲೆ ಓಡತೊಡಗಿತು.